ದಿನಕ್ಕೊಂದು ಮಾತು

ಶರತ್ಕಾಲದ ಸಂಜೆಗೆ ಅವಸರವೆಂಬುದಿಲ್ಲ... ಬೆಟ್ಟದ ಇಳಿಜಾರಿಗೆ ಬೆನ್ನು ಆನಿಸಿ ಕುಳಿತಂತಿದ್ದ ಆ ನಗರದ ಮೇಲೆ ಅಸ್ತಾಚಲಕ್ಕೆ ಹೊರಟ ಸೂರ್ಯನು ತನ್ನಲ್ಲಿ ಉಳಿದಿದ್ದ ಹೊಂಬಣ್ಣವನ್ನೆಲ್ಲ ಹಿಂದುಮುಂದು ನೋಡದೆ ಸುರಿದುಬಿಡುತ್ತಿದ್ದನು. ಅದು ಮೊದಲು ನೀರಿನ ತೊಟ್ಟಿಗಳ ನೆತ್ತಿಯನ್ನು ತೋಯಿಸಿ, ಮಹಡಿಗಳ ಮೇಲೆ ಹರವಿದ ಬಟ್ಟೆಗಳ ಅಂಚಿನಲ್ಲಿ ಕ್ಷಣಕಾಲ ತೂಗಿ, ಕಿಟಕಿಯ ಗಾಜಿನಿಂದ ಗಾಜಿಗೆ ಶಾಲೆ ಬಿಟ್ಟ ಮಗುವಿನಂತೆ ಕುಪ್ಪಳಿಸುತ್ತ, ಕೊನೆಗೆ ಬರಿಯ ತಿರುವುಗಳಿಂದಲೇ ಹೆಣೆದಂತಿದ್ದ ಆ ಉದ್ದನೆಯ ರಸ್ತೆಯ ಮೇಲೆ ಮಂದವಾಗಿ ಹರಿಯತೊಡಗುತ್ತಿತ್ತು. ಆ ರಸ್ತೆಯ ಏಳನೆಯ ತಿರುವಿನಲ್ಲಿ, ಬೇಕರಿಯ ಮೇಲಿನ ಮೂರನೆಯ ಅಂತಸ್ತಿನಲ್ಲಿ ಒಂದು ಕಿಟಕಿ. ಕಿಟಕಿಯ ಹಿಂದೆ ಒಂದು ಮೇಜು. ಮೇಜಿನ ಹಿಂದೆ, ಬೆರಳ ತುದಿಗೆ ಶಾಯಿ ಮೆತ್ತಿಕೊಂಡು, ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಮೇಲೇರಿಸುವುದನ್ನೂ ಮರೆತು ಕುಳಿತ ನಲವತ್ತನಾಲ್ಕರ ಒಬ್ಬ ಹೆಂಗಸು.

ಐದೂಕಾಲಿಗೆ ಸರಿಯಾಗಿ ಕೆಳಗಿನ ತಿರುವಿನಲ್ಲಿ ಹಳದಿ ಬಣ್ಣದ ಶಾಲೆಯ ಬಸ್ಸೊಂದು ಮೂರನೆಯ ಗೇರಿನಿಂದ ಎರಡನೆಯದಕ್ಕೆ ಇಳಿಯುವ, ನಿಟ್ಟುಸಿರಿನಂಥ ಸದ್ದು ಕೇಳಿಸುತ್ತಿತ್ತು. ಆ ಸದ್ದು ಕಿವಿಗೆ ಬಿದ್ದೊಡನೆ ಅವಳ ಲೇಖನಿ ವಾಕ್ಯದ ನಟ್ಟನಡುವೆಯೇ ನಿಲ್ಲುತ್ತಿತ್ತು. ಕಥಾನಾಯಕಿ ಓಡುತ್ತಿರಲಿ, ಬೀಳುತ್ತಿರಲಿ, ಪರೀಕ್ಷೆಯ ಕೊಠಡಿಯಲ್ಲಿ ಕುಳಿತು ಬೆವರುತ್ತಿರಲಿ, ಅವಳು ನಾಳೆಯವರೆಗೆ ಹಾಗೆಯೇ ಕಾಯತಕ್ಕದ್ದು! ಸಹೃದಯ ಓದುಗರೇ, ಹದಿನೆಂಟು ವರ್ಷಗಳ ದಾಂಪತ್ಯದ ಅನಂತರವೂ ಒಂದು ಬಸ್ಸಿನ ಗೇರು ಬದಲಾಗುವ ಸದ್ದಿಗೆ ಒಬ್ಬಳ ಎದೆಯ ಲಯ ಬದಲಾಗುವುದುಂಟೆಂದರೆ ನೀವು ಮುಗುಳ್ನಕ್ಕೀರಿ. ನಗಬಹುದು. ಅವಳೂ ನಗುತ್ತಿದ್ದಳು; ನಗುತ್ತಲೇ ಎದ್ದು ಚಹಾಕ್ಕೆ ನೀರಿಡುತ್ತಿದ್ದಳು. ಬಸ್ಸನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಸೀಟುಗಳ ಸಂದಿಯಲ್ಲಿ ಉಳಿದುಹೋದ ಕೈಗವಸು, ಪೆನ್ಸಿಲ್ಲುಗಳನ್ನು ಆಯ್ದಿಟ್ಟು, ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಚಹಾ ಕುದಿದು ಕೆಂಪಾಗಿರುತ್ತಿತ್ತು.

ಅವನನ್ನು ಮಕ್ಕಳೆಲ್ಲ ‘ಮಾಮ’ ಎನ್ನುತ್ತಿದ್ದರು. ಅವಳು ಮಾತ್ರ, ಮದುವೆಗೂ ಮೊದಲಿನಿಂದ, ‘ಸಾರಥಿ’ ಎಂದು ಹೆಸರಿಟ್ಟಿದ್ದಳು. ಅವನಿಗೋ ಅವಳು ಎಂದೆಂದಿಗೂ ‘ಮೇಡಂ’.

ಆ ‘ಮೇಡಂ’ ಎಂಬುದಕ್ಕೂ ಒಂದು ಪೂರ್ವಕಥೆಯುಂಟು. ಇಪ್ಪತ್ತು ವರ್ಷಗಳ ಹಿಂದೆ ಅವಳು ಆ ಶಾಲೆಯ ಗ್ರಂಥಪಾಲಕಿಯಾಗಿದ್ದಳು. ಅವನು ಹೊಸದಾಗಿ ಸೇರಿದ ಡ್ರೈವರು. ಅತ್ತ ಬಾಲ್ಯವೂ ಅಲ್ಲದ, ಇತ್ತ ಯೌವನವೂ ಅಲ್ಲದ, ಹಗಲಿರುಳುಗಳ ನಡುವಣ ಸಂಧ್ಯೆಯಂಥ ಆ ವಯಸ್ಸಿನವರು ಓದಲು ಪುಸ್ತಕವಿಲ್ಲದೆ ಕಪಾಟುಗಳ ಮುಂದೆ ಸುಮ್ಮನೆ ನಿಂತು ಹಿಂತಿರುಗುವುದನ್ನು ದಿನವೂ ಕಂಡು ಕಂಡು, ತಾನೇ ಒಂದು ಕಾದಂಬರಿಯನ್ನು ಬರೆದಿದ್ದಳು. ಮೂವರು ಪ್ರಕಾಶಕರು ಅದನ್ನು ಹಿಂದಿರುಗಿಸಿದ್ದರು. ಮಕ್ಕಳಿಗೆ ಭಾರವಾಯಿತು, ದೊಡ್ಡವರಿಗೆ ಹಗುರವಾಯಿತು ಎಂಬುದೇ ಮೂವರ ಅಭಿಪ್ರಾಯ. ಮೂರನೆಯ ಪತ್ರ ಬಂದ ದಿನ ಅವಳು ಹಸ್ತಪ್ರತಿಯನ್ನು ಬಸ್ಸಿನ ಸೀಟಿನ ಮೇಲೆಯೇ ಬಿಟ್ಟು ಇಳಿದುಬಿಟ್ಟಳು. ಮರೆತಳೋ, ತೊರೆದಳೋ, ಅವಳಿಗೇ ತಿಳಿಯದು! ಬೆಳಗಿನ ಸರದಿಗೂ ಮಧ್ಯಾಹ್ನದ ಸರದಿಗೂ ನಡುವೆ, ಮರದ ನೆರಳಿನಲ್ಲಿ ಬಸ್ಸು ನಿಲ್ಲಿಸಿಕೊಂಡು, ಸಾರಥಿ ಅದನ್ನು ಮೂರು ದಿನಗಳಲ್ಲಿ ಓದಿ ಮುಗಿಸಿದನು. ನಾಲ್ಕನೆಯ ದಿನ ಎರಡೂ ಕೈಗಳಲ್ಲಿ ಹಿಡಿದು ತಂದುಕೊಟ್ಟನು.

“ಬೇಜಾರ್ ಮಾಡ್ಕೋಬೇಡಿ ಮೇಡಂ, ಒಂದು ಮಾತು. ನೂರಾ ಹನ್ನೆರಡನೇ ಪುಟದಲ್ಲಿ ಹುಡುಗಿ ಬಿಕ್ಕಿಬಿಕ್ಕಿ ಅತ್ತಳು ಅಂತ ಬರೆದಿದೀರಿ. ಅಲ್ಲಿ ಅತ್ತಿರೋದು ನೀವು. ಅವಳು ಅತ್ತಿಲ್ಲ.”

“ಅವಳು ಏನು ಮಾಡಬೇಕಿತ್ತು?” ಎಂದು ಅವಳು ಸಿಟ್ಟಿನಿಂದಲೇ ಕೇಳಿದ್ದಳು.

“ಆ ವಯಸ್ಸಿನವರು ಅಳು ಬಂದ್ರೆ ಬಗ್ಗಿ ಬೂಟಿನ ಲೇಸ್ ಕಟ್ಕೋತಾರೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ತಾರೆ. ನಾನು ದಿನಾ ಕನ್ನಡೀಲಿ ನೋಡ್ತೀನಲ್ಲ.”

ಆ ರಾತ್ರಿಯೇ ಕಾದಂಬರಿಯ ಹುಡುಗಿ ಬಗ್ಗಿ ಲೇಸು ಕಟ್ಟಿಕೊಂಡಳು. ನಾಲ್ಕನೆಯ ಪ್ರಕಾಶಕನು ಆ ಪುಟವನ್ನು ಓದಿ, ಎದ್ದುಹೋಗಿ ಕಿಟಕಿಯ ಬಳಿ ಸ್ವಲ್ಪ ಹೊತ್ತು ನಿಂತು ಬಂದು, ಪುಸ್ತಕವನ್ನು ಒಪ್ಪಿಕೊಂಡನೆಂದು ಹೇಳುತ್ತಾರೆ. ಅದಾದ ಎರಡನೆಯ ವರ್ಷ ಮದುವೆ. ಐದನೆಯ ವರ್ಷಕ್ಕೆ ಅವಳು ಗ್ರಂಥಾಲಯದ ಕೆಲಸವನ್ನು ಬಿಟ್ಟು ಬರವಣಿಗೆಗೇ ಕುಳಿತಳು. ಮಕ್ಕಳ ಕಲರವದಿಂದ ದೂರವಾದ ಅವಳಿಗೆ ಆ ಕಲರವವನ್ನು ಹೊತ್ತುತರುವ ಕೆಲಸ ಅವನದಾಯಿತು.

ಹೀಗೆ ಹುಟ್ಟಿತು ಆ ಮನೆಯ ರೂಢಿ. ದಿನಕ್ಕೊಂದು ಮಾತು! ಬಸ್ಸಿನಲ್ಲಿ ಕೇಳಿದ ನೂರಾರು ಮಾತುಗಳಲ್ಲಿ ಒಂದನ್ನು, ಒಂದನ್ನೇ ಆರಿಸಿ, ಮನೆಯ ಹೊಸ್ತಿಲಲ್ಲಿ ಶೂ ಬಿಚ್ಚುತ್ತ ಅವನು ಅವಳಿಗೆ ಒಪ್ಪಿಸಬೇಕು. ಹೆಸರು ಹೇಳುವಂತಿಲ್ಲ. ಯಾವ ಮನೆಯ ಮಗುವೆಂದು ಅವಳು ಕೇಳುವಂತಿಲ್ಲ. ಬೇರೆ ಗಂಡಂದಿರು ಮಲ್ಲಿಗೆ ತಂದಾರು, ಸೀರೆ ತಂದಾರು. ಅವಳ ಸಾರಥಿ ಮಾತ್ರ “ನಂಗೆ ಗೆಳತಿ ಇಲ್ಲ ಅಂತ ಗೊತ್ತಾಗ್ಬಾರ್ದು ಅಂತ ಬ್ರೇಕಲ್ಲಿ ಟಾಯ್ಲೆಟ್ಟಲ್ಲೇ ನಿಂತಿರ್ತೀನಿ” ಎಂಬಂಥದನ್ನು, ಅಂಗೈಯಲ್ಲಿ ಮಿಂಚುಹುಳುವನ್ನು ಮುಚ್ಚಿ ತಂದವನಂತೆ ತಂದು, ಮೆಲ್ಲನೆ ಬೆರಳು ಬಿಡಿಸಿ ತೋರಿಸುವನು. ಅವಳು ಉಸಿರು ಬಿಗಿಹಿಡಿದು ನೋಡುವಳು. ಆ ಕ್ಷಣದಲ್ಲಿ ಅವರಿಬ್ಬರ ನಡುವೆ ಬೆಳಗುತ್ತಿದ್ದುದು ಮಿಂಚುಹುಳುವೋ, ಪ್ರೇಮವೋ... ಬೇರ್ಪಡಿಸಿ ಹೇಳುವವರಾರು?

ಹೀಗೆ ಹನ್ನೆರಡು ಕಾದಂಬರಿಗಳಾದವು. ಪತ್ರಗಳು ಬಂದವು; ಬಹುಮಾನವೊಂದು ಬಂದಿತು; ಶಾಲೆ ಶಾಲೆಗಳಲ್ಲಿ ಮಕ್ಕಳು ‘ಕತೆ ಆಂಟಿ’ ಎಂದು ಮುತ್ತಿಕೊಂಡರು. “ನಮ್ಮೊಳಗಿಂದು ನಿಮಗೆ ಹೇಗೆ ಗೊತ್ತು?” ಎಂದು ಎಲ್ಲರೂ ಕೇಳುವವರೇ. ಅವಳು ನಗುವಳು. ಸಭೆಯ ಕೊನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈ ಕಟ್ಟಿ ಕುಳಿತ ಒಬ್ಬ ಡ್ರೈವರು ಸೀಲಿಂಗ್ ಫ್ಯಾನನ್ನು ನೋಡುವನು.

ಹನ್ನೆರಡನೆಯದು ಮಿಕ್ಕವನ್ನೆಲ್ಲ ಮೀರಿಸಿತು. ತಂದೆ ತೊರೆದುಹೋದ ಮನೆಯ ಹುಡುಗಿಯೊಬ್ಬಳ ಕಥೆ ಅದು. ಅದರ ಪ್ರಾಣವೆಲ್ಲ ಒಂದು ಮಾತಿನಲ್ಲಿತ್ತು. “ಅಪ್ಪ ಬಿಟ್ಟುಹೋದ ಮೇಲೂ ಅಮ್ಮ ಬೆಳಿಗ್ಗೆ ಮೂರು ಲೋಟ ಚಹಾ ಬೆರೆಸ್ತಾಳೆ. ಅವಳು ನೋಡೋದ್ರೊಳಗೆ ನಾನು ಎರಡು ಲೋಟ ಕುಡಿದ್ಬಿಡ್ತೀನಿ.” ಒಂದು ಸಂಜೆ ಸಾರಥಿ ಅದನ್ನು ತಂದಾಗ, ಒಂದು ಶೂ ಕಾಲಲ್ಲಿ, ಒಂದು ಶೂ ಕೈಯಲ್ಲಿ ಹಾಗೆಯೇ ನಿಂತುಬಿಟ್ಟಿದ್ದನು. ಅವಳು ಒಂದಕ್ಷರವನ್ನೂ ತಿದ್ದದೆ ಅದನ್ನು ಬರೆದುಕೊಂಡಳು. ಹಾಗೆಯೇ ಪುಸ್ತಕಕ್ಕೆ ಇಳಿಸಿದಳು. ಹೆಸರಿರಲಿಲ್ಲ, ಊರಿರಲಿಲ್ಲ, ನಿಯಮಭಂಗವೂ ಆಗಿರಲಿಲ್ಲ. ಆದರೆ ಕೆಲವು ಮಾತುಗಳಿಗೆ ಹೆಸರಿನ ಅಗತ್ಯವೇ ಇಲ್ಲ, ಮುಖವೇ ಇರುತ್ತದೆ ಎಂಬುದು ಅಷ್ಟು ಬರೆದವಳಿಗೂ ಅಷ್ಟು ಕೇಳಿದವನಿಗೂ ಹೊಳೆಯದೆ ಹೋಯಿತಲ್ಲ!

ಪುಸ್ತಕ ಬಂದ ತಿಂಗಳ ಮೇಲೆ, ಅವನು ತರುವ ಮಾತುಗಳ ಬಣ್ಣ ಬದಲಾಯಿತು. ಅವಳಿಗೆ ಮೊದಲು ತಿಳಿಯಲಿಲ್ಲ. ಹದಿಮೂರನೆಯ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿದ ಸಂಪಾದಕಿ, ಅವಳಿಗಿಂತ ಹದಿನೈದು ವರ್ಷ ಚಿಕ್ಕವಳು, ಬಾಯಿಯೋ ಬಲು ಚುರುಕು, ಫೋನಿನಲ್ಲಿ ಕೇಳಿಯೇಬಿಟ್ಟಳು: “ಮೇಡಂ, ಒಂದು ಡೌಟು. ನಿಮ್ಮ ಈ ಹೀರೋಯಿನ್‌ಗೆ ಹದಿನಾಲ್ಕೋ, ನಲವತ್ತೆಂಟೋ? ‘ಇಳಿಜಾರಲ್ಲಿ ಬ್ರೇಕ್ ಹಾಕಿದ್ರೆ ಮೊದಲು ಮಂಡಿಗೇ ಗೊತ್ತಾಗುತ್ತೆ’ ಅಂತಾಳೆ! ಪಾಪ, ಯಾವ ಎಣ್ಣೆ ಹಚ್ಕೋತಾಳಂತೆ?”

ಅವಳು ನಕ್ಕು ಫೋನಿಟ್ಟಳು. ಇಟ್ಟವಳು ಟಿಪ್ಪಣಿಯ ಪುಸ್ತಕವನ್ನು ತೆರೆದು ಕಳೆದ ಏಳು ವಾರಗಳ ಮಾತುಗಳನ್ನು ಒಂದೊಂದಾಗಿ ಓದಿದಳು. ‘ಮಳೆ ನಿಂತ ಮೇಲೂ ವೈಪರ್ ಆಡ್ತಿದ್ರೆ ಯಾರನ್ನೋ ಬೇಡ ಬೇಡ ಅಂತ ಕಳಿಸಿದ ಹಾಗಿರುತ್ತೆ.’ ‘ಕನ್ನಡೀಲಿ ಎಲ್ಲಾ ದೂರ ಕಾಣುತ್ತೆ, ತಿರುಗಿ ನೋಡಿದ್ರೆ ಹತ್ತಿರ.’ ಸೊಗಸಾದ ಮಾತುಗಳೇ, ಸಂದೇಹವಿಲ್ಲ. ಆದರೆ ಇವುಗಳಲ್ಲಿ ಒಂದಾದರೂ ಎಳೆಯ ಗಂಟಲಿನಿಂದ ಬಂದದ್ದೇ?

ಆ ಸಂಜೆ ಅವನು ಹೊಸ್ತಿಲಲ್ಲಿ ಬಗ್ಗಿದನು. “ಇವತ್ತಿಂದು ಕೇಳು. ಏಳನೇ ಕ್ಲಾಸಿನ ಹುಡುಗಿ ಹೇಳಿದ್ದು...”

“ಅದೇ ಮಂಡಿನೋವಿನ ಹುಡುಗೀನಾ?” ಎಂದಳು ಅವಳು.

ಅವನು ತಲೆಯೆತ್ತಲಿಲ್ಲ.

“ರೀ, ಮಕ್ಕಳು ಬಸ್ಸಲ್ಲಿ ಕಿಟಕಿ ನೋಡ್ತಾರೆ. ಕನ್ನಡಿ ನೋಡೋದು ನೀವು. ಇವೆಲ್ಲ ನಿಮ್ಮ ಮಾತು.”

ಅವನು ಬಿಚ್ಚಿದ್ದ ಲೇಸನ್ನು ಮತ್ತೆ ಕಟ್ಟತೊಡಗಿದನು! ಕಟ್ಟಿದನು, ಬಿಚ್ಚಿದನು, ಮತ್ತೆ ಕಟ್ಟಿದನು... ಅವಳು ಓಡಿಬಂದು ನೆಲದ ಮೇಲೆಯೇ ಅವನ ಪಕ್ಕದಲ್ಲಿ ಕುಳಿತಳು. ಆಗ ಅವನು ಎಲ್ಲವನ್ನೂ ಹೇಳಿದನು.

ಆ ಚಹಾದ ಮಾತನ್ನು ಆಡಿದ್ದು ಕೊನೆಯ ನಿಲ್ದಾಣದಲ್ಲಿ ಇಳಿಯುವ ಹುಡುಗಿ. ಹದಿನೈದರವಳು. ಮಿಕ್ಕವರೆಲ್ಲ ಇಳಿದ ಮೇಲೆ ಹದಿನೈದು ನಿಮಿಷ ಬಸ್ಸಿನಲ್ಲಿ ಅವಳೊಬ್ಬಳೇ. ಡ್ರೈವರಿನ ಹಿಂದಿನ ಸೀಟಿನಲ್ಲಿ ಕುಳಿತು, ಅವನ ಹೆಗಲಿಗೆ ಹೇಳುವಂತೆ ಏನೇನೋ ಹೇಳುತ್ತಿದ್ದಳು. ಪುಸ್ತಕ ಬಂದಿತು. ಬಸ್ಸಿನ ಮಕ್ಕಳೆಲ್ಲ ಓದಿದರು. ಆ ಮಾತು ಎಲ್ಲರ ಬಾಯಿಗೆ ಬಿದ್ದಿತು. ಮರುದಿನದಿಂದ ಹುಡುಗಿ ಕಟ್ಟಕಡೆಯ ಸೀಟಿಗೆ ಹೋಗಿ ಕುಳಿತಳು. ಇಳಿಯುವಾಗ ದಿನವೂ ಹೇಳುತ್ತಿದ್ದ ‘ಬರ್ತೀನಿ ಮಾಮ’ ನಿಂತುಹೋಯಿತು.

“ಒಂದು ಮಾತೂ ಬೈಲಿಲ್ಲ ಕಣೇ. ಬೈದಿದ್ರೆ ಚೆನ್ನಾಗಿತ್ತು,” ಎಂದನು ಅವನು. “ಆಮೇಲೆ ನನಗೆ ಬೇರೆ ಮಕ್ಕಳ ಮಾತೂ ಕೇಳಿಸ್ಕೊಳ್ಳೋಕೆ ಭಯ ಆಯ್ತು. ರೇಡಿಯೋ ಜೋರಾಗಿ ಹಾಕ್ಬಿಡ್ತಿದ್ದೆ. ನೀನು ಕಾಯ್ತಿರ್ತೀಯಲ್ಲ, ಬರಿಗೈಲಿ ಹೇಗೆ ಬರೋದು? ಅದಕ್ಕೆ...”

ಅದಕ್ಕೆ! ಆ ಒಂದು ಪದ ಅವಳ ಎದೆಯಲ್ಲಿ ಮೊದಲ ಮಳೆಯ ಹನಿಯಂತೆ ಬಿದ್ದು ಇಂಗಿತು. ಇಲ್ಲದ ಮಾತನ್ನು ಇದ್ದಂತೆ ಮಾಡಿ, ಏಳು ವಾರ, ಮೂರು ಮಹಡಿ ಹತ್ತುವಷ್ಟರಲ್ಲಿ ತನ್ನ ಮಾತಿಗೇ ಮಗುವಿನ ಅಂಗಿ ತೊಡಿಸಿ ತಂದನಲ್ಲ ಈ ಮನುಷ್ಯ! ಅಪ್ಪನ ಜಾಗ ಖಾಲಿ ಉಳಿದದ್ದು ಅಮ್ಮನ ಕಣ್ಣಿಗೆ ಬೀಳದಿರಲೆಂದು ಆ ಹುಡುಗಿ ಮನೆಯಲ್ಲಿ ಮಾಡುತ್ತಿದ್ದುದೂ ಇದನ್ನೇ ಅಲ್ಲವೇ... ಎರಡನೆಯ ಲೋಟ ಈ ಮನೆಯಲ್ಲಿಯೂ ಇತ್ತು. ಅದನ್ನು ಕುಡಿಯುತ್ತಿದ್ದವನು ಅವಳ ಎದುರಿಗೇ ಕುಳಿತಿದ್ದನು. ಹನ್ನೆರಡು ಪುಸ್ತಕ ಬರೆದವಳು ಆ ಮಾತನ್ನು ಆ ಸಂಜೆ ಮೊದಲ ಬಾರಿಗೆ ಅರ್ಥಮಾಡಿಕೊಂಡಳು.

“ನಾಳೆ ನಾನೂ ಬಸ್ಸಿಗೆ ಬರ್ತೀನಿ,” ಎಂದಳು.

“ಬೇಡ. ಇನ್ನೂ ಕೆಡುತ್ತೆ.”

“ಕೆಡಿಸಿದ್ದು ನಾನು. ಸರಿಮಾಡೋಕೆ ಆಗದಿದ್ರೂ ಮುಖಾನಾದ್ರೂ ತೋರಿಸ್ಬೇಕಲ್ಲ.”

ಮರುದಿನ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸಿನಲ್ಲಿ ಕೋಲಾಹಲವೆದ್ದಿತು. “ಕತೆ ಆಂಟಿ! ಕತೆ ಆಂಟಿ ನಮ್ಮ ಬಸ್ಸಲ್ಲಿ!” ಒಬ್ಬನು ಸಹಿಗಾಗಿ ಗಣಿತದ ಪುಸ್ತಕವನ್ನು ಒಡ್ಡಿದನು, ಒಬ್ಬಳು ತನ್ನನ್ನು ಮುಂದಿನ ಕಥೆಯಲ್ಲಿ ಪೈಲಟ್ ಮಾಡಬೇಕೆಂದಳು. ಮೂರನೆಯ ನಿಲ್ದಾಣದಲ್ಲಿ ಇಳಿಯುತ್ತಿದ್ದ ದಪ್ಪ ಕನ್ನಡಕದ ಹುಡುಗನು ಬಾಗಿಲಲ್ಲಿ ತಿರುಗಿ ನಿಂತು, ನೀರಿನ ಬಾಟಲಿಯನ್ನು ಮೇಲೆತ್ತಿ, “ಅವಳು ನೋಡೋದ್ರೊಳಗೆ...” ಎಂದು ಕೂಗಿದನು, ಇಡೀ ಬಸ್ಸು ಬಾಟಲಿಗಳನ್ನೆತ್ತಿ “ಎರಡು ಲೋಟ ಕುಡಿದ್ಬಿಡ್ತೀನಿ!” ಎಂದು ಒಕ್ಕೊರಲಿನಿಂದ ಉತ್ತರಿಸಿತು. ಅದು ಅವರ ಆಟ. ಪ್ರೀತಿಯಿಂದ, ಅಭಿಮಾನದಿಂದ, ದಿನವೂ, ಪ್ರತಿ ನಿಲ್ದಾಣದಲ್ಲಿಯೂ ಆಡುವ ಆಟ! ಯಾವ ಲೇಖಕಿಗೆ ಇದಕ್ಕಿಂತ ದೊಡ್ಡ ಸನ್ಮಾನ ದೊರಕೀತು? ಆದರೆ ಅವಳು ಕಟ್ಟಕಡೆಯ ಸೀಟಿನತ್ತ ನೋಡಿದಳು. ಅಲ್ಲಿ ನೀಲಿ ಸ್ವೆಟರಿನ ಒಬ್ಬ ಹುಡುಗಿ ಎಲ್ಲರಂತೆಯೇ ಬಾಟಲಿಯನ್ನು ಎತ್ತಿ ಹಿಡಿದಿದ್ದಳು, ಯಾರಿಗೂ ಅನುಮಾನ ಬಾರದಿರಲೆಂದು. ಅವಳ ತುಟಿಗಳು ಮಾತ್ರ ಅಲುಗುತ್ತಿರಲಿಲ್ಲ.

ಲೇಖಕಿ ಸಹಿಗೆಂದು ತೆರೆದಿದ್ದ ಲೇಖನಿಯ ಮುಚ್ಚಳವನ್ನು ಹಾಕಿದಳು.

ಕೊನೆಯ ನಿಲ್ದಾಣಕ್ಕೆ ಮುನ್ನ, ರಸ್ತೆ ಅಗಲವಾಗುವೆಡೆಯಲ್ಲಿ, ಸಾರಥಿ ಬಸ್ಸನ್ನು ನಿಲ್ಲಿಸಿ ಎಂಜಿನನ್ನು ಆರಿಸಿದನು. ಇದ್ದಕ್ಕಿದ್ದಂತೆ ಬಂದ ಆ ಮೌನದಲ್ಲಿ ಅವನು ಸೀಟಿನಿಂದ ಎದ್ದು ಹಿಂದಕ್ಕೆ ಬಂದು ನಿಂತನು.

“ತಪ್ಪು ನಂದು ಕಣಮ್ಮ. ನಿನ್ನ ಮಾತನ್ನ ಮನೆಗೆ ತಗೊಂಡು ಹೋದವನು ನಾನು.”

“ಇಲ್ಲ, ತಪ್ಪು ನಂದು,” ಎಂದಳು ಲೇಖಕಿ. “ಅಚ್ಚು ಹಾಕಿಸಿದವಳು ನಾನು.”

“ನೀನು ಸುಮ್ನಿರು. ನಾನು ಹೇಳದಿದ್ರೆ ನಿನಗೆಲ್ಲಿಂದ ಬರ್ತಿತ್ತು?”

“ನೀವು ಸುಮ್ನಿರಿ. ಹೇಳಿ ಹೇಳಿ ಅಂತ ಇಷ್ಟು ವರ್ಷದಿಂದ ಜೀವ ತಿಂದವಳು ಯಾರು?”

“ಇಬ್ಬರೂ ಜಗಳ ಆಡ್ಬೇಡಿ,” ಎಂದಳು ಹುಡುಗಿ. ಧ್ವನಿ ಗಟ್ಟಿಯಾಗಿತ್ತು. ಆಮೇಲೆ ಕಿಟಕಿಯ ಕಡೆಗೆ ತಿರುಗಿ, “ನಾನು ಮಾಮನಿಗೆ ಹೇಳಿದ್ದು. ಊರಿಗೆ ಹೇಳಿದ್ದಲ್ಲ,” ಎಂದಳು.

ಇಬ್ಬರೂ ತಲೆ ತಗ್ಗಿಸಿ ನಿಂತರು.

“ಪುಸ್ತಕದಲ್ಲಿ ಅವಳ ಅಮ್ಮ ಒಂದಿನ ನೋಡ್ಬಿಡ್ತಾಳೆ. ಅಪ್ಕೊಂಡು ಅಳ್ತಾಳೆ. ನಮ್ಮಮ್ಮ ಇನ್ನೂ ನೋಡಿಲ್ಲ ಆಂಟಿ. ಅವಳು ಪುಸ್ತಕ ಓದಲ್ಲ. ಆದ್ರೆ ಎಲ್ಲರೂ ಕೂಗ್ತಾರಲ್ಲ... ಯಾರಾದ್ರೂ ಅವಳ ಮುಂದೆ ಕೂಗಿದ್ರೆ?”

“ಈಗಾಗಲೇ ಜನರ ಕೈಲಿರೋ ಪುಸ್ತಕಗಳನ್ನ ವಾಪಸ್ ತರೋಕೆ ನನ್ನ ಕೈಲಿ ಆಗಲ್ಲಮ್ಮ. ಸುಳ್ಳು ಹೇಳಲ್ಲ. ಆದರೆ ಮುಂದಿನ ಮುದ್ರಣದಿಂದ ತೆಗೀಬಹುದು. ತೆಗೀಲಾ?”

ಹುಡುಗಿ ಬಾಟಲಿಯ ಮುಚ್ಚಳವನ್ನು ತಿರುಗಿಸಿದಳು. “ಅದಿಲ್ದಿದ್ರೆ ಪುಸ್ತಕ ಚೆನ್ನಾಗಿರುತ್ತಾ?”

“ಇಲ್ಲ. ಇಷ್ಟು ಚೆನ್ನಾಗಿರಲ್ಲ.”

ಆ ಎಳೆಯ ಮುಖದ ಮೇಲೆ, ಮೋಡದ ಅಂಚಿನಲ್ಲಿ ಮಿಂಚಿ ಮರೆಯಾಗುವ ಬಿಸಿಲಿನಂತೆ, ಹೆಮ್ಮೆಯ ಗೆರೆಯೊಂದು ಹಾದುಹೋಯಿತು. “ಗೊತ್ತಿತ್ತು,” ಎಂದಳು. ಮತ್ತೆ, “ತೆಗೀರಿ,” ಎಂದಳು. ಇಳಿಯುವಾಗ ಅವಳು ಇಬ್ಬರಿಗೂ ಏನನ್ನೂ ಹೇಳಲಿಲ್ಲ.

ಅಂದೇ ಸಂಜೆ ಲೇಖಕಿ ಪ್ರಕಾಶನದ ಕಚೇರಿಗೆ ಹೋದಳು. ಮೂರನೆಯ ಮುದ್ರಣ ಮುಂದಿನ ವಾರ ಅಚ್ಚಿಗೆ ಹೋಗುವುದಿತ್ತು. ವಿಷಯವನ್ನು ಕೇಳಿದ ಸಂಪಾದಕಿ ಕುರ್ಚಿಯಿಂದ ಎದ್ದೇ ನಿಂತಳು.

“ಮೇಡಂ, ತಮಾಷೆ ಮಾಡ್ತಿದೀರಾ? ಪುಸ್ತಕದ ಬೆನ್ನುಮೂಳೇನೇ ಕಿತ್ತ ಹಾಗೆ! ಹಿಂದಿನ ರಕ್ಷಾಪುಟದಲ್ಲಿ ಅದೇ ಇದೆ, ಪೋಸ್ಟರಲ್ಲಿ ಅದೇ ಇದೆ. ನೀವೀಗ ಕುಡೀತಿರೋ ಲೋಟದ ಮೇಲೂ ಅದೇ ಇದೆ!”

ಲೇಖಕಿ ಕೈಯಲ್ಲಿದ್ದ ಲೋಟವನ್ನು ತಿರುಗಿಸಿ ನೋಡಿದಳು. ಹೌದು. ಚೆಂದದ ನೀಲಿ ಅಕ್ಷರಗಳಲ್ಲಿ ಆ ಹುಡುಗಿಯ ಬೆಳಗು ಅಚ್ಚಾಗಿತ್ತು. ಅವಳು ಲೋಟವನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು.

“ಇದು ನನ್ನದಲ್ಲ.”

“ಕದ್ದಿದ್ದಾ?”

“ಕೊಟ್ಟಿದ್ದು. ಆದರೆ ನನಗೆ ಕೊಟ್ಟಿದ್ದಲ್ಲ.”

ಸಂಪಾದಕಿ ಚುರುಕುಬಾಯಿಯವಳೇ ಹೊರತು ಕಲ್ಲೆದೆಯವಳಲ್ಲ. ಹಿರಿಯಳ ಮುಖವನ್ನು ಕ್ಷಣಕಾಲ ನೋಡಿ ಮತ್ತೆ ಕುಳಿತಳು. “ನಾಲ್ಕು ದಿನ ಕೊಡ್ತೀನಿ. ಆ ಜಾಗಕ್ಕೆ ಏನಾದ್ರೂ ಬರ್ಕೊಡಿ. ಖಾಲಿ ಬಿಟ್ರೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ.”

ಮೊದಲ ದಿನ ಏನೂ ಬರಲಿಲ್ಲ. ಎರಡನೆಯ ದಿನ ಬಂದದ್ದೆಲ್ಲ ಕಾಗದದ ಹೂವಾಗಿತ್ತು. ಟಿಪ್ಪಣಿಯ ಪುಸ್ತಕಗಳು ಕಪಾಟಿನ ತುಂಬ ಇದ್ದವು. ಕೈಯಿಟ್ಟರೆ ಸಾವಿರ ಮಾತು ಸಿಗುತ್ತಿತ್ತು. ಆದರೆ ಪ್ರತಿಯೊಂದು ಮಾತಿನ ಹಿಂದೆಯೂ ಈಗ ಒಂದು ಕಟ್ಟಕಡೆಯ ಸೀಟು ಕಾಣುತ್ತಿತ್ತು. ಮೂರನೆಯ ದಿನ, ಕಿಟಕಿಯಾಚೆ ಮಂಜು ಬೆಟ್ಟವನ್ನೇ ನುಂಗಿ ಕುಳಿತಿದ್ದ ಮುಂಜಾನೆ, ಅವಳು ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡಳು. ಹನ್ನೆರಡು ಪುಸ್ತಕಗಳಲ್ಲಿ ಪರರ ಗುಟ್ಟುಗಳನ್ನು ಅಷ್ಟು ಅಕ್ಕರೆಯಿಂದ ಜೋಡಿಸಿದವಳು ತನ್ನದೊಂದನ್ನಾದರೂ ಎಲ್ಲಿಯಾದರೂ ಇಟ್ಟಿದ್ದುಂಟೇ? ಇಲ್ಲ... ಒಂದೂ ಇಲ್ಲ! ಹದಿನಾಲ್ಕನೆಯ ವಯಸ್ಸಿನ ತನ್ನ ಬಾಗಿಲಿಗೆ ಅವಳು ಅಂದೇ ಹಾಕಿದ ಬೀಗ ಇಂದಿಗೂ ಹಾಗೆಯೇ ಇತ್ತು.

ಕಥೆಯ ಹುಡುಗಿಯ ಅಪ್ಪ ಇನ್ನೂ ಮನೆಯಲ್ಲಿದ್ದ ದಿನಗಳಿಗೆ ಸೇರುವಂತೆ ಅವಳು ಬರೆದಳು. ಅಪ್ಪನಿಗೆ ಓದು ಬರಹ ಬಾರದೆಂಬುದನ್ನು ಶಾಲೆಯಲ್ಲಿ ಯಾರಿಗೂ ತಿಳಿಸಲಾರದೆ, ಪ್ರಗತಿಪತ್ರದ ಮೇಲೆ ತಾನೇ ಅಪ್ಪನ ಸಹಿ ಮಾಡುತ್ತಿದ್ದ ಹುಡುಗಿಯನ್ನು ಬರೆದಳು. ಆ ಸಹಿಗೆ ಬಾಲ, ಬಳುಕು, ಕೆಳಗೊಂದು ಗೆರೆ ಎಲ್ಲವನ್ನೂ ಕಲ್ಪಿಸಿಕೊಂಡು ರಾಶಿ ಕಾಗದಗಳಲ್ಲಿ ತಿದ್ದಿದ್ದನ್ನು ಬರೆದಳು. ಒಂದು ದಿನ ಟೀಚರು ಇಡೀ ತರಗತಿಯ ಮುಂದೆ “ನಿಮ್ಮ ತಂದೆಯವರ ಕೈಬರಹ ಎಷ್ಟು ಚೆಂದ!” ಎಂದಾಗ, ಹುಡುಗಿ ಮನೆಗೆ ಬಂದು, ಏನೂ ತಿಳಿಯದೆ ನಗುತ್ತ ಕುಳಿತಿದ್ದ ಅಪ್ಪನಿಗೆ ಆ ಪ್ರಶಂಸೆಯನ್ನು ಹೇಳಲೂ ಆಗದೆ, ನುಂಗಲೂ ಆಗದೆ, “ಅಪ್ಪ, ನಿನ್ನ ಕೈ ತೋರ್ಸು” ಎಂದಷ್ಟೇ ಕೇಳಿದ್ದನ್ನು ಬರೆದಳು. ಆ ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬರೆಯುತ್ತ ಬರೆಯುತ್ತ ಆ ಒರಟು ಅಂಗೈ ಕಾಗದದ ಮೇಲೆ ಬಂದು ಕುಳಿತಂತಾಯಿತು.

ನಾಲ್ಕನೆಯ ದಿನ ಸಾರಥಿ ಆ ಪುಟಗಳನ್ನು ಒಯ್ದು, ಎರಡು ಸರದಿಗಳ ನಡುವೆ, ಅದೇ ಮರದ ನೆರಳಿನಲ್ಲಿ ಓದಿದನು. ಸಂಜೆ ಬಂದವನು ಶೂ ಬಿಚ್ಚದೆ ನೇರ ಅವಳ ಮೇಜಿನ ಬಳಿಗೇ ಬಂದನು.

“ನಮ್ಮ ಮದುವೆ ದಿನ ರಿಜಿಸ್ಟರಿಗೆ ಸಹಿ ಹಾಕೋವಾಗ ಮಾವ, ‘ಅಯ್ಯೋ, ಕನ್ನಡಕ ಮನೇಲೇ ಬಿಟ್ಟು ಬಂದೆ, ಹೆಬ್ಬೆಟ್ಟೇ ಒತ್ತಿಬಿಡ್ತೀನಿ’ ಅಂದ್ರು. ನಾನು ನಂಬಿದ್ದೆ ಕಣೇ. ಕನ್ನಡಕ ತರ್ಲಾ ಮಾವ, ಸ್ಕೂಟರಲ್ಲಿ ಹೋಗ್ಬರ್ತೀನಿ ಅಂತ ಎರಡೆರಡು ಸಲ ಕೇಳಿದ್ದೆ!”

“ಗೊತ್ತು,” ಎಂದಳು ಅವಳು, ಅಳುತ್ತಲೇ ನಗತೊಡಗಿದಳು. “ಆಮೇಲೆ ಅಪ್ಪ ಬಂದು ‘ನಿನ್ನ ಗಂಡ ಬಲು ಒಳ್ಳೆಯವನು, ಸ್ವಲ್ಪ ತಡೆದು ಹಿಡ್ಕೋ’ ಅಂದಿದ್ರು.”

“ಹದಿನೆಂಟು ವರ್ಷ ನನಗೂ ಹೇಳಲಿಲ್ಲವಲ್ಲ ಮೇಡಂ.”

“ನೀವು ಮಕ್ಕಳ ಮಾತು ತರ್ತಿದ್ರಿ. ನನ್ನ ಮಾತು ಕೇಳೋಕೆ ನಿಮಗೆ ಪುರುಸೊತ್ತೆಲ್ಲಿತ್ತು?”

ಅವನು ಅವಳ ಶಾಯಿ ಮೆತ್ತಿದ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕುಳಿತನು. ಮಂಜು ಕಿಟಕಿಯ ಗಾಜಿಗೆ ಮುಖವೊತ್ತಿ ನೋಡುತ್ತಿತ್ತು... ನೋಡಲಿ!

ಅಂದಿನಿಂದ ಆ ಮನೆಯ ಹಳೆಯ ರೂಢಿ ನಿಂತಿತು. ಅವನು ಬಂದಾಗ ಅವಳು “ರಸ್ತೆ ಹೇಗಿತ್ತು?” ಎನ್ನುವಳು. ಎಂಟನೆಯ ತಿರುವಿನಲ್ಲಿ ಡಾಂಬರು ಕಿತ್ತಿದೆ, ಹಿಂದಿನ ಟೈರು ಬದಲಾಯಿಸಬೇಕು, ಮಂಡಿ ಇವತ್ತು ಪರವಾಗಿಲ್ಲ ಎಂದು ಅವನು ತನ್ನ ಮಾತುಗಳನ್ನೇ, ತನ್ನ ಅಂಗಿಯಲ್ಲೇ ಹೇಳುವನು. ಹದಿಮೂರನೆಯ ಕಾದಂಬರಿ ಬಲು ನಿಧಾನವಾಗಿ, ಒಂದು ವಾರಕ್ಕೆ ಒಂದು ಪುಟದಂತೆ ನಡೆಯಿತು. ಮೂರನೆಯ ಮುದ್ರಣ ಹೊರಬಂದ ಮೇಲೆ, ಎರಡು ಲೋಟದ ಮಾತೆಲ್ಲಿ ಹೋಯಿತೆಂದು ಕೆಲವರು ಪತ್ರ ಬರೆದರು. ಸಹಿಯ ಪ್ರಸಂಗ ಅಷ್ಟು ಸೊಗಸಲ್ಲವೆಂದರು. ಇರಬಹುದು. ಪೋಸ್ಟರುಗಳು ಇಳಿದವು. ಬಸ್ಸಿನ ಮಕ್ಕಳು, ಎಲ್ಲ ಮಕ್ಕಳಂತೆ, ಚಳಿಗಾಲ ಮುಗಿಯುವಷ್ಟರಲ್ಲಿ ಆ ಆಟವನ್ನು ಮರೆತು ಬೇರೊಂದು ಹಾಡಿಗೆ ಜೋತುಬಿದ್ದರು.

ಮತ್ತೊಂದು ರೂಢಿ ಮಾತ್ರ ಅವಳಿಗೆ ಹೊಸದಾಗಿ ಅಂಟಿಕೊಂಡಿತ್ತು. ಪ್ರತಿದಿನ ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡ ಬಸ್ಸು ಏಳನೆಯ ತಿರುವನ್ನು ದಾಟುವಾಗ ಅವಳು ಕಿಟಕಿಯಲ್ಲಿ ನಿಲ್ಲುವಳು. ಮೇಲಿನಿಂದ ನೋಡಿದರೆ ಡ್ರೈವರಿನ ಹಿಂದಿನ ಕಿಟಕಿ ಕಾಣುತ್ತಿತ್ತು. ಅದು ಖಾಲಿ. ಮಂಜಿನ ದಿನಗಳಲ್ಲಿ ಖಾಲಿ, ಬಿಸಿಲು ಬಂದಾಗಲೂ ಖಾಲಿ. ಕ್ಷಮೆಯೆಂಬುದು ಕೇಳಿ ಪಡೆಯುವ ವಸ್ತುವಲ್ಲವೆಂದು ಅವಳು ಅರಿತಿದ್ದಳು, ಆದರೂ ನಿಲ್ಲುವಳು.

ವಸಂತದ ಒಂದು ಬೆಳಗು. ರಸ್ತೆಬದಿಯ ಬೋಳುಮರಗಳೆಲ್ಲ ರಾತ್ರೋರಾತ್ರಿ ಮನಸ್ಸು ಬದಲಾಯಿಸಿದಂತೆ ಚಿಗುರಿ ನಿಂತಿದ್ದವು. ಬಸ್ಸು ತಿರುವಿಗೆ ಬಂದಿತು. ಡ್ರೈವರಿನ ಹಿಂದಿನ ಕಿಟಕಿಯ ಅಂಚಿನ ಮೇಲೆ ನೀಲಿ ಸ್ವೆಟರಿನ ಒಂದು ಮೊಣಕೈ ಊರಿತ್ತು! ಅಷ್ಟೇ ಕಂಡದ್ದು. ಅವಳು ಕಿಟಕಿಯ ಸರಳನ್ನು ಹಿಡಿದು, ಬಸ್ಸು ಮರೆಯಾದ ಎಷ್ಟೋ ಹೊತ್ತಿನವರೆಗೂ ಹಾಗೆಯೇ ನಿಂತಿದ್ದಳು.

ಆ ಸಂಜೆ ಅವನ ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ಎಂದಿಗಿಂತ ಬೇಗನೆ ಕೇಳಿಸಿತು. ಮಂಡಿಯನ್ನು ಮರೆತು ಒಂದೊಂದು ಮೆಟ್ಟಿಲು ಬಿಟ್ಟು ಹತ್ತುತ್ತಿದ್ದನು. ಬಾಗಿಲಲ್ಲಿ ನಿಂತ ಅವನ ಮುಖವನ್ನು ನೋಡಿದೊಡನೆ ಅವಳಿಗೆ ತಿಳಿದುಹೋಯಿತು. ಅವನ ಬಳಿ ಒಂದು ಮಾತಿತ್ತು. ಕೊನೆಯ ಹದಿನೈದು ನಿಮಿಷಗಳ ನಿರ್ಜನದಲ್ಲಿ, ಅವನ ಹೆಗಲಿಗೆ, ಅವನೊಬ್ಬನಿಗೇ ದೊರೆತ ಮಾತು; ಅದು ಅವನ ಕಣ್ಣಿನಲ್ಲಿ, ಹುಬ್ಬಿನಲ್ಲಿ, ನಿಲ್ಲಲಾರದ ಬೆರಳುಗಳಲ್ಲಿ ತುಂಬಿ ತುಳುಕುತ್ತಿತ್ತು.

“ರಸ್ತೆ ಹೇಗಿತ್ತು?” ಎಂದಳು ಅವಳು.

ಅವನು ಬಾಯಿ ತೆರೆದನು. ಮುಚ್ಚಿದನು. ಶೂವಿನ ಕಡೆಗೆ ನೋಡಿ, ಚಾವಣಿಯ ಕಡೆಗೆ ನೋಡಿ, “ಚೆನ್ನಾಗಿತ್ತು,” ಎಂದನು. ಸಾಲದೆನಿಸಿತೇನೋ. “ತುಂಬಾ ಚೆನ್ನಾಗಿತ್ತು,” ಎಂದನು.

ಅಮ್ಮ ನೋಡಿದಳೇ? ಲೋಟಗಳು ಎರಡಾದವೇ? ಹುಡುಗಿ ನಕ್ಕಳೇ, ಅತ್ತಳೇ, ಬರಿದೆ ‘ಬರ್ತೀನಿ ಮಾಮ’ ಎಂದಳೇ? ಹನ್ನೆರಡು ಕಾದಂಬರಿಗಳ ಕುತೂಹಲವೆಲ್ಲ ಅವಳ ನಾಲಗೆಯ ತುದಿಗೆ ಬಂದು ನಿಂತಿತು... ಅವಳು ಚಹಾವನ್ನು ಸೋಸಿ ಅವನ ಮುಂದಿಟ್ಟಳು.

“ಸಕ್ಕರೆ ಸಾಕಾ ನೋಡಿ,” ಎಂದಳು.

ಪ್ರೀತಿಸಿದವರಿಗೆ ನಾವು ಎಷ್ಟೋ ವಸ್ತುಗಳನ್ನು ತಂದುಕೊಡುತ್ತೇವೆ. ಹೂವನ್ನು, ಹಾಡನ್ನು, ದಿನದ ದಣಿವನ್ನು. ಆದರೆ ಒಬ್ಬರ ಎದೆಯಲ್ಲಿ ಮೂರನೆಯ ಜೀವವೊಂದು ನಂಬಿ ಇಟ್ಟುಹೋದ ಮಾತಿರುವಾಗ, ಅದರ ಬೆಳಕು ಮುಖದ ಮೇಲೆ ಆಡುವುದನ್ನು ಎದುರಿಗೆ ಕುಳಿತು ನೋಡುವುದು, ಕೇಳದೆ ನೋಡುವುದು, ಆ ಬೆಳಕಿನಲ್ಲಿಯೇ ಚಹಾ ಕುಡಿಯುವುದು... ಮನುಷ್ಯರ ಪಾಲಿಗೆ ಬಂದಿರುವ ಸುಖಗಳಲ್ಲಿ ಇದಕ್ಕಿಂತ ಮೃದುವಾದದ್ದು ಬಹಳ ಇರಲಾರದು. ಅಂದು ಆ ಮೂರನೆಯ ಅಂತಸ್ತಿನ ಕೋಣೆಯಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಮಾತಿಗಾಗಿಯೇ ಹದಿನೆಂಟು ವರ್ಷ ಬಾಳಿದ ಮನೆಯಲ್ಲಿ ಅಷ್ಟೊಂದು ತುಂಬಿದ ಸಂಜೆ ಹಿಂದೆಂದೂ ಬಂದಿರಲಿಲ್ಲ.